ಚಾಚಾ ಅವರ ಡೀಸೆಲ್ ಎಂಜಿನ್ ಮತ್ತು ನನ್ನ ಬ್ರೇಕ್ ಈವನ್ ಲೆಕ್ಕ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಬ್ರೇಕ್ ಈವನ್ ಪಾಯಿಂಟ್ ಪಾಠ ಮಾಡುವಾಗ ನಮ್ಮ ಅರ್ಥಶಾಸ್ತ್ರದ ಮೇಡಂ ಪೆನ್ನಿನ ಕಾರ್ಖಾನೆಯ ಉದಾಹರಣೆ ಕೊಟ್ಟರು. ಇಷ್ಟು ಪೆನ್ನು ಮಾರಿದರೆ ಹಾಕಿದ ಹಣ ವಾಪಸ್, ಅದರ ಮೇಲೆ ಮಾರಿದರೆ ಲಾಭ. ಪಾಠ ಮುಗಿದ ಮೇಲೆ, "ಇದೇ ಲೆಕ್ಕ ನಿಮ್ಮ ಮನೆಯಲ್ಲೂ ಎಲ್ಲೋ ಇರುತ್ತದೆ, ಹುಡುಕಿ ಬರೆದುಕೊಂಡು ಬನ್ನಿ" ಎಂದರು. ನನಗೆ ಹುಡುಕುವ ಕಷ್ಟ ಬರಲಿಲ್ಲ. ನಮ್ಮ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಅದು ಹೊಗೆ ಬಿಡುತ್ತಾ ನಿಂತಿತ್ತು.

ಅದು ನಮ್ಮ ದಾದಾ ಅವರ 1972ರ ಅಂಬಾಸಿಡರ್ ಎಸ್ಟೇಟ್. ಸಾಮಾನ್ಯ ಅಂಬಾಸಿಡರ್‌ಗೆ ಹಿಂದೆ ಡಿಕ್ಕಿ ಇರುತ್ತದೆ. ಎಸ್ಟೇಟ್‌ಗೆ ಚಾವಣಿ ಹಿಂದಿನವರೆಗೂ ನೇರವಾಗಿ ಹೋಗುತ್ತದೆ, ಸಾಮಾನು ತುಂಬುವ ಜಾಗ ದೊಡ್ಡದು. ದಾದಾ ಅದರಲ್ಲಿ ಅಲ್ಯೂಮಿನಿಯಂ ಪಾತ್ರೆ ತುಂಬಿಕೊಂಡು ಸಂತೆಗಳಿಗೆ ಹೋಗುತ್ತಿದ್ದರು. ಈಗ ಚಾಚಾ ಅದರಲ್ಲಿ ಮದುವೆ ಮನೆಗಳಿಗೆ ಬಿರಿಯಾನಿಯ ದೇಗ್, ಒಲೆ, ತಟ್ಟೆಗಳನ್ನು ಸಾಗಿಸುತ್ತಾರೆ.

ಕಳೆದ ವರ್ಷ ಎಂಜಿನ್ ಸೋತಿತು. ಆಯಿಲ್ ಕುಡಿಯುತ್ತದೆ, ಲೀಟರ್ ಪೆಟ್ರೋಲಿಗೆ 7 ಕಿ.ಮೀ. ಮಾತ್ರ ಓಡುತ್ತದೆ. ಒಂದು ರಾತ್ರಿ ಊಟದ ಹೊತ್ತಿಗೆ ಚಾಚಾ ಅಬ್ಬಾಗೆ ಹೇಳಿದರು: "ಭಾಯಿಜಾನ್, ಇದಕ್ಕೆ ಡೀಸೆಲ್ ಎಂಜಿನ್ ಕೂರಿಸಿಬಿಡೋಣ. ಒಂದೂಕಾಲು ಲಕ್ಷದೊಳಗೆ ಆಗುತ್ತೆ. ಹದಿಮೂರು ತಿಂಗಳಲ್ಲಿ ದುಡ್ಡು ವಾಪಸ್."

ಆ ದುಡ್ಡು ಎಲ್ಲಿಂದ? ಅಮ್ಮಿ ಮೂರು ವರ್ಷ ಕಟ್ಟಿದ ಚೀಟಿಯ ದುಡ್ಡು ಅದೇ ತಿಂಗಳು ಕೈಗೆ ಬಂದಿತ್ತು, 1,20,000 ರೂಪಾಯಿ. ಅದನ್ನು ನನ್ನ ಬಿ.ಕಾಂ. ಮತ್ತು ಸಿ.ಎ. ಫೌಂಡೇಶನ್ ಫೀಸಿಗೆ ಎಂದು ತೆಗೆದಿಟ್ಟಿದ್ದರು. ಚಾಚಾ ಕೇಳಿದ್ದು ಕೈಸಾಲ. "ಬೇಟಿಯ ಅಡ್ಮಿಷನ್ ಹೊತ್ತಿಗೆ ಹೇಗಾದರೂ ಹೊಂದಿಸಿ ಕೊಟ್ಟುಬಿಡ್ತೀನಿ" ಎಂದರು. ಅಬ್ಬಾ ನನ್ನ ಕಡೆ ನೋಡಿ, "ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಹಾಕಿ ಹೇಳು" ಎಂದರು.

ಹೀಗಾಗಿ ನನ್ನ ಅಸೈನ್‌ಮೆಂಟ್ ನನ್ನದೇ ಫೀಸಿನ ಮೇಲೆ ಬಂದು ಕೂತಿತು.

ಮೊದಲ ಪಾಠ: ವಸ್ತುವನ್ನು ತಿಳಿಯದೆ ವೆಚ್ಚ ಬರೆಯಬಾರದು

"ಎಂಜಿನ್ ಬದಲಾವಣೆ: 1,20,000" ಎಂದು ಒಂದೇ ಸಾಲು ಬರೆದರೆ ಅದು ಲೆಕ್ಕವಲ್ಲ. ಆದ್ದರಿಂದ ಒಂದು ಭಾನುವಾರ ಚಾಚಾ ಜೊತೆ ಗ್ಯಾರೇಜಿಗೆ ಹೋದೆ. ಅಲ್ಲಿನ ಉಸ್ತಾದ್ ನಲವತ್ತು ವರ್ಷದಿಂದ ಅಂಬಾಸಿಡರ್ ಬಿಚ್ಚಿ ಜೋಡಿಸುತ್ತಿರುವವರು. ಸ್ಟೂಲ್ ಕೊಟ್ಟು ಕೂರಿಸಿ ವಿವರಿಸಿದರು.

ಪೆಟ್ರೋಲ್ ಎಂಜಿನ್‌ನಲ್ಲಿ ಕಾರ್ಬುರೇಟರ್ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಕೊಡುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗೆ ಬರೀ ಗಾಳಿಯನ್ನು ಒತ್ತಲಾಗುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ ಅದನ್ನು ಏಳೆಂಟು ಪಟ್ಟು ಒತ್ತಿದರೆ ಡೀಸೆಲ್ ಎಂಜಿನ್ 20 ಪಟ್ಟಿನ ಆಸುಪಾಸು ಒತ್ತುತ್ತದೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುವ ಹಾಗೆ ಈ ಗಾಳಿಯೂ ಕಾಯುತ್ತದೆ. ಎಷ್ಟು ಕಾಯುತ್ತದೆ ಎಂದರೆ, ಅದರೊಳಗೆ ಚಿಮ್ಮಿದ ಡೀಸೆಲ್ ತಾನೇ ಹತ್ತಿಕೊಳ್ಳುತ್ತದೆ. ಮೈಲೇಜ್ ಹೆಚ್ಚು ಬರುವುದಕ್ಕೆ ಒಂದು ಕಾರಣ ಈ ಒತ್ತಡ. ಇನ್ನೊಂದು ಕಾರಣ, ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಹೆಚ್ಚು ಶಕ್ತಿ ಇರುತ್ತದೆ.

"ಆದರೆ ಬೇಟಿ, ಆ ಒತ್ತಡಕ್ಕೆ ಬೆಲೆ ಇದೆ" ಎಂದರು ಉಸ್ತಾದ್. ಅಷ್ಟು ಒತ್ತಡ ತಡೆಯಲು ಎಂಜಿನ್ ದಪ್ಪ ಇರಬೇಕು, ಆದ್ದರಿಂದ ಭಾರ. ಅಂಬಾಸಿಡರ್‌ನ ಮುಂಭಾಗವನ್ನು ಹೊರುವುದು ಟಾರ್ಷನ್ ಬಾರ್‌ಗಳು, ಹಿಂದೆ ಪಟ್ಟಿ ಸ್ಪ್ರಿಂಗ್. ಮುಂದೆ ಭಾರ ಹೆಚ್ಚಾದರೆ ಟಾರ್ಷನ್ ಬಾರ್ ಮತ್ತೆ ಸೆಟ್ ಮಾಡಬೇಕು, ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕ್ ನೋಡಬೇಕು. ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾದ್ದರಿಂದ ದೊಡ್ಡ ಬ್ಯಾಟರಿ ಮತ್ತು ಸ್ಟಾರ್ಟರ್ ಬೇಕು. ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ತೊಳೆದು, ಪಂಪಿನಿಂದ ಉಳಿದ ಡೀಸೆಲ್ ಟ್ಯಾಂಕಿಗೆ ಮರಳಲು ಇನ್ನೊಂದು ಪೈಪ್ ಎಳೆಯಬೇಕು. ನೀರು ಬೇರ್ಪಡಿಸುವ ಫಿಲ್ಟರ್ ಹಾಕಬೇಕು, ಏಕೆಂದರೆ ನೀರಿನ ಹನಿ ಹೋದರೆ ಇಂಜೆಕ್ಷನ್ ಪಂಪ್ ಕೆಡುತ್ತದೆ.

ನಮ್ಮ ಗಾಡಿಗೆ ಗೇರ್ ಇರುವುದು ಸ್ಟೀರಿಂಗ್ ಪಕ್ಕದಲ್ಲಿ. ಚಾಚಾ ನೋಡಿದ್ದ ಎಂಜಿನ್ ಗುಜರಿಗೆ ಬಂದ ಡೀಸೆಲ್ ಅಂಬಾಸಿಡರ್ ಒಂದರ ಇಸುಜು 2 ಲೀಟರ್ ಎಂಜಿನ್. ಅದರ ಐದು ಗೇರಿನ ಪೆಟ್ಟಿಗೆಗೆ ಲಿವರ್ ನೆಲದಿಂದ ಏಳುತ್ತದೆ. ಅಂದರೆ ನೆಲ ಕತ್ತರಿಸಬೇಕು, ಎಂಜಿನ್ ಕೂರುವ ಮೌಂಟ್ ಹೊಸದಾಗಿ ವೆಲ್ಡ್ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಹೊಂದಿಸಬೇಕು.

ಇಷ್ಟು ಕೇಳಿದ ಮೇಲೆ ಉಸ್ತಾದ್ ಹೇಳಿದ ದರಗಳನ್ನು ಸಾಲಾಗಿ ಬರೆದುಕೊಂಡೆ.

ಹಳೆಯ ಎಂಜಿನ್, ಗೇರ್‌ಬಾಕ್ಸ್: 45,000
ಇಂಜೆಕ್ಷನ್ ಪಂಪ್, ನಾಜಲ್ ರಿಪೇರಿ: 12,000
ಮೌಂಟ್, ಶಾಫ್ಟ್, ನೆಲ ಕತ್ತರಿಸಿ ವೆಲ್ಡಿಂಗ್: 14,000
ರೇಡಿಯೇಟರ್, ಹೋಸ್, ಸೈಲೆನ್ಸರ್: 9,000
ಬ್ಯಾಟರಿ, ಸ್ಟಾರ್ಟರ್, ವೈರಿಂಗ್: 10,000
ಟ್ಯಾಂಕ್, ಪೈಪ್, ಫಿಲ್ಟರ್: 4,000
ಸಸ್ಪೆನ್ಷನ್, ಬ್ರೇಕ್: 8,000
ಮಜೂರಿ: 18,000
ಒಟ್ಟು: 1,20,000 ರೂಪಾಯಿ

ಚಾಚಾ ಹೇಳಿದ ಮೊತ್ತ ಸರಿಯಾಗಿಯೇ ಇತ್ತು. ತಪ್ಪು ಬೇರೆ ಕಡೆ ಇತ್ತು.

ಎರಡನೇ ಪಾಠ: ಹಿಂದೆ ಲಾಭವಾದದ್ದು ಈಗಲೂ ಆಗಬೇಕೆಂದಿಲ್ಲ

"ಆ ಕಾಲದಲ್ಲಿ ಎಲ್ಲರೂ ಡೀಸೆಲ್ ಮಾಡಿಸ್ತಿದ್ದರು, ಅವರೆಲ್ಲ ದಡ್ಡರಾ?" ಎಂದು ಚಾಚಾ ಕೇಳಿದರು. ಖಂಡಿತ ಅಲ್ಲ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ತಂದಿತ್ತು, ಟ್ಯಾಕ್ಸಿಯವರು ಅದನ್ನೇ ಕೇಳಿ ತೆಗೆದುಕೊಂಡರು. ಕಾರಣ ಬೆಲೆಯ ಅಂತರ. ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. ಪೆಟ್ರೋಲ್ ಬೆಲೆಯ ಮೇಲಿನ ನಿಯಂತ್ರಣ 2010ರ ಜೂನ್‌ನಲ್ಲಿ ಹೋಯಿತು, ಡೀಸೆಲ್‌ನದು ಹೋಗಿದ್ದು 2014ರ ಅಕ್ಟೋಬರ್‌ನಲ್ಲಿ. ನಡುವೆ 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದ್ದರೆ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಒಂದು ಲೀಟರ್ ಪೆಟ್ರೋಲಿನ ದುಡ್ಡಿಗೆ ಒಂದೂಮುಕ್ಕಾಲು ಲೀಟರ್ ಡೀಸೆಲ್!

ನಾನು ಈ ಲೆಕ್ಕಕ್ಕೆ ನಮ್ಮೂರಿನ ಬಂಕಿನ ದರವನ್ನು ಪೂರ್ಣ ಸಂಖ್ಯೆಯಲ್ಲಿ ತೆಗೆದುಕೊಂಡೆ: ಪೆಟ್ರೋಲ್ 103, ಡೀಸೆಲ್ 91. ಅಂತರ 12 ರೂಪಾಯಿ ಮಾತ್ರ. ಟ್ಯಾಕ್ಸಿಯವರ ಲೆಕ್ಕ ಅವರ ಕಾಲಕ್ಕೆ ಸರಿ, ನಮ್ಮ ಕಾಲಕ್ಕೆ ಮತ್ತೆ ಹಾಕಬೇಕು.

ಮೂರನೇ ಪಾಠ: ಆಧಾರವನ್ನು ಪರೀಕ್ಷಿಸಿ

ಚಾಚಾ ಅವರ ಲೆಕ್ಕ ಹೀಗಿತ್ತು. ಈಗ ಪೆಟ್ರೋಲಿನಲ್ಲಿ 7 ಕಿ.ಮೀ., ಅಂದರೆ ಕಿ.ಮೀ.ಗೆ 14.71 ರೂಪಾಯಿ. ಡೀಸೆಲ್ ಆದರೆ 13 ಕಿ.ಮೀ., ಅಂದರೆ 7 ರೂಪಾಯಿ. ಉಳಿತಾಯ 7.71. ದಿನಕ್ಕೆ 40 ಕಿ.ಮೀ. ಓಡಿದರೆ 1,20,000 ರೂಪಾಯಿ ವಾಪಸ್ ಬರಲು ಸುಮಾರು 389 ದಿನ. ಹದಿಮೂರು ತಿಂಗಳು ಬಂದದ್ದು ಹೀಗೆ. ಗುಣಾಕಾರ, ಭಾಗಾಕಾರ ಎರಡೂ ಸರಿ.

ನಾನು ಚಾಚಾ ಅವರ ಆರ್ಡರ್ ಪುಸ್ತಕ ಕೇಳಿ ಪಡೆದೆ. ಗಾಡಿ ದಿನಾ 40 ಕಿ.ಮೀ. ಓಡುವುದೇ ಇಲ್ಲ. ಆರ್ಡರ್ ಇದ್ದ ದಿನ ಓಡುತ್ತದೆ. ರಂಜಾನ್ ತಿಂಗಳಲ್ಲಿ ಮದುವೆಗಳಿಲ್ಲ, ಮೊಹರಂನಲ್ಲೂ ನಮ್ಮ ಕಡೆ ಬಹಳ ಮನೆಗಳಲ್ಲಿ ಇಟ್ಟುಕೊಳ್ಳುವುದಿಲ್ಲ. ಜೋರು ಮಳೆಯಲ್ಲೂ ಕಡಿಮೆ. ಕಳೆದ ವರ್ಷ 64 ಆರ್ಡರ್, ಮಾರನೇ ದಿನ ಪಾತ್ರೆ ತರುವುದೂ ಸೇರಿ ಸರಾಸರಿ 50 ಕಿ.ಮೀ., ಒಟ್ಟು 3,200. ಮಂಡಿ, ಸೌದೆ, ಮನೆಯ ಓಡಾಟ 1,600. ವರ್ಷಕ್ಕೆ 4,800 ಕಿ.ಮೀ. ಚಾಚಾ ಹಿಡಿದದ್ದು 14,600.

ಸೀಸನ್ ದಿನದ ಓಟವನ್ನು 365ರಿಂದ ಗುಣಿಸಿದ್ದೇ ಮೊದಲ ತಪ್ಪು.

ಎರಡನೇ ತಪ್ಪು ಇನ್ನೂ ಸೂಕ್ಷ್ಮ. ಅವರು ಕಾಯಿಲೆ ಬಿದ್ದ ಪೆಟ್ರೋಲ್ ಎಂಜಿನ್ನನ್ನು ರಿಪೇರಿಯಾದ ಡೀಸೆಲ್ ಎಂಜಿನ್ನಿನ ಜೊತೆ ಹೋಲಿಸಿದ್ದರು. ಉಸ್ತಾದ್ ಪ್ರಕಾರ ಇದೇ ಪೆಟ್ರೋಲ್ ಎಂಜಿನ್ನಿಗೆ ಬೋರ್ ಮಾಡಿಸಿ, ಪಿಸ್ಟನ್ ಹಾಕಿ, ಕಾರ್ಬುರೇಟರ್ ಮತ್ತು ರಬ್ಬರ್ ಹೋಸ್ ಬದಲಿಸಿದರೆ 32,000 ರೂಪಾಯಿ. ಆಗ 10 ಕಿ.ಮೀ. ಕೊಡಬಹುದು. ಹಾಗಾದರೆ ಕಿ.ಮೀ.ಗೆ 10.30. ಡೀಸೆಲ್‌ನ 7 ಕಳೆದರೆ ಉಳಿತಾಯ 3.30. ಡೀಸೆಲ್ ಎಂಜಿನ್ನಿನ ಆಯಿಲ್, ಫಿಲ್ಟರ್ ಖರ್ಚು ಹೆಚ್ಚೆಂದು 30 ಪೈಸೆ ಕಳೆದೆ. ನಿಜವಾದ ಉಳಿತಾಯ ಕಿ.ಮೀ.ಗೆ 3 ರೂಪಾಯಿ.

1,20,000ವನ್ನು 3ರಿಂದ ಭಾಗಿಸಿದೆ. 40,000 ಕಿ.ಮೀ. ಅದನ್ನು 4,800ರಿಂದ ಭಾಗಿಸಿದರೆ ಎಂಟು ವರ್ಷ ನಾಲ್ಕು ತಿಂಗಳು. ಕೆಳಗೆ ಎರಡು ಗೆರೆ ಎಳೆದು ಖುಷಿಯಿಂದ ಮಲಗಿದೆ.

ನಾಲ್ಕನೇ ಪಾಠ: ನಮಗೆ ಬೇಕಾದ ಉತ್ತರ ಬಂದಾಗ ಇನ್ನೊಮ್ಮೆ ನೋಡಬೇಕು

ನಿದ್ದೆ ಬರಲಿಲ್ಲ. ಉತ್ತರ ನನಗೆ ಬೇಕಾದ ಹಾಗೆಯೇ ಬಂದಿತ್ತು, ಅದೇ ಕಿರಿಕಿರಿ. ಎದ್ದು ಪುಸ್ತಕ ತೆರೆದೆ. ನಾನೂ ಎರಡು ತಪ್ಪು ಮಾಡಿದ್ದೆ, ಎರಡೂ ನನ್ನ ಫೀಸಿನ ಪರವಾಗಿದ್ದವು.

ಒಂದು, ಡೀಸೆಲ್ ಹಾಕಿದರೆ ಹಳೆಯ ಪೆಟ್ರೋಲ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾರಬಹುದು. ಉಸ್ತಾದ್ 15,000 ಸಿಗುತ್ತದೆ ಎಂದಿದ್ದರು. ನಾನು ಅದನ್ನು ಬರೆದಿರಲಿಲ್ಲ.

ಎರಡು, ಡೀಸೆಲ್ ಹಾಕದಿದ್ದರೆ ಖರ್ಚು ಸೊನ್ನೆ ಅಲ್ಲ. 10 ಕಿ.ಮೀ. ಮೈಲೇಜ್ ಬೇಕಾದರೆ 32,000 ಹಾಕಲೇಬೇಕು. ಮೈಲೇಜನ್ನು ಲೆಕ್ಕಕ್ಕೆ ತೆಗೆದುಕೊಂಡು ಅದರ ಖರ್ಚನ್ನು ಬಿಟ್ಟಿದ್ದೆ. ಎರಡು ದಾರಿಗಳ ನಡುವೆ ಆರಿಸುವಾಗ ನೋಡಬೇಕಾದದ್ದು ಅವುಗಳ ನಡುವಿನ ವ್ಯತ್ಯಾಸದ ವೆಚ್ಚ.

ಸರಿಪಡಿಸಿದ ಲೆಕ್ಕ:
ಡೀಸೆಲ್ ದಾರಿ: 1,20,000 – 15,000 = 1,05,000
ಪೆಟ್ರೋಲ್ ರಿಪೇರಿ ದಾರಿ: 32,000
ಹೆಚ್ಚುವರಿ ವೆಚ್ಚ: 73,000
ಕಿ.ಮೀ.ಗೆ ಉಳಿತಾಯ: 3 ರೂಪಾಯಿ
ಬ್ರೇಕ್ ಈವನ್: 73,000 ÷ 3 = 24,333 ಕಿ.ಮೀ.
ವರ್ಷಗಳು: 24,333 ÷ 4,800 = ಸುಮಾರು 5

ಎಂಟು ವರ್ಷ ಐದಕ್ಕೆ ಇಳಿಯಿತು. ಚಾಚಾಗೆ ಅನುಕೂಲವಾಗುವ ಎರಡು ಸಾಲುಗಳನ್ನು ನಾನೇ ಸೇರಿಸಿದ್ದೆ. ಆಮೇಲೆ ನಿದ್ದೆ ಬಂತು.

ಐದನೇ ಪಾಠ: ಅಂಕಿಯಲ್ಲಿ ಬಾರದ ಸಾಲುಗಳು

ಈ ಲೆಕ್ಕವೆಲ್ಲ ಕಾನೂನಿನ ಅನುಮತಿ ಸಿಕ್ಕರೆ ಎಂಬ ಷರತ್ತಿನ ಮೇಲೆ ನಿಂತಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ನಮ್ಮ ಆರ್.ಸಿ.ಯಲ್ಲಿ ಇಂಧನದ ಮುಂದೆ ಪೆಟ್ರೋಲ್ ಎಂದಿದೆ, ಎಂಜಿನ್ ನಂಬರ್ ಇದೆ. ಆರ್.ಟಿ.ಒ. ಒಪ್ಪಿಗೆ ಇಲ್ಲದೆ ಡೀಸೆಲ್ ಕೂರಿಸಿದರೆ ಎರಡೂ ಸುಳ್ಳಾಗುತ್ತವೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ನೋಡುವುದು ಅದನ್ನೇ. ಹಾಗೆಯೇ ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನಮ್ಮದು ಇನ್ನೆರಡು ವರ್ಷದಲ್ಲಿ ಬರುತ್ತದೆ. ಐದು ವರ್ಷದಲ್ಲಿ ವಾಪಸ್ ಬರುವ ದುಡ್ಡಿಗೆ ಎರಡನೇ ವರ್ಷದಲ್ಲೇ ಒಂದು ಪರೀಕ್ಷೆ ಕಾದಿದೆ.

ಪರೀಕ್ಷೆ ಎಂದಾಗ ನೆನಪಾಯಿತು, ಗಾಡಿಗೂ ಪಿಯುಸಿ ಉಂಟು. ನಮ್ಮದು ಎರಡು ವರ್ಷದ ಓದು, ಅದರದು ಹೊಗೆ ತಪಾಸಣೆಯ ಸರ್ಟಿಫಿಕೇಟ್. ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮುಂತಾದ ಅನಿಲ ಅಳೆಯುತ್ತಾರೆ, ಡೀಸೆಲ್‌ನಲ್ಲಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಗುಜರಿಯಿಂದ ಬಂದ ಎಂಜಿನ್ ಅದರಲ್ಲಿ ಪಾಸಾಗುತ್ತದೆ ಎಂದು ಉಸ್ತಾದ್ ಗ್ಯಾರಂಟಿ ಕೊಡಲಿಲ್ಲ.

ಇನ್ನೊಂದು, ಅವಕಾಶ ವೆಚ್ಚ. 2021ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಿದ್ದಿ, 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ದಾರಿ ಮಾಡಿತು. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಓಡಿಸಬಹುದೇ ಹೊರತು ದಿನದ ಕೆಲಸಕ್ಕಲ್ಲ. ನಾವು ಈಗ ಹಾಗೆ ಮಾಡುವುದಿಲ್ಲ. ಆದರೆ ನೆಲ ಕತ್ತರಿಸಿ, ಎಂಜಿನ್ ಮಾರಿದ ದಿನ ಆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಎಸ್ಟೇಟ್ ಅಂತೂ ಮೊದಲೇ ವಿರಳ. ಇದಕ್ಕೆ ಎಷ್ಟು ರೂಪಾಯಿ ಎಂದು ನಾನು ಬರೆಯಲಿಲ್ಲ, ಸಾಲನ್ನು ಮಾತ್ರ ಬರೆದೆ.

ತೀರ್ಮಾನ

ಶುಕ್ರವಾರ ಮಧ್ಯಾಹ್ನ ಊಟದ ನಂತರ ಎಲ್ಲರ ಮುಂದೆ ಓದಿದೆ. ಚಾಚಾ ಮೊದಲು ಕೇಳಿದ್ದು: "ಸಚ್ ಬೋಲ್, ನಿನ್ನ ಫೀಸ್ ಉಳಿಸಿಕೊಳ್ಳೋಕೆ ಬರೆದದ್ದಾ ಇದು?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. "ಹೌದು ಚಾಚಾ, ಇದರಲ್ಲಿ ನನಗೆ ಸ್ವಾರ್ಥ ಇದೆ, ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದೀನಿ. ಅದಕ್ಕೇ ಒಂದು ಅಂಕಿಯನ್ನೂ ನಾನು ಹಾಕಿಲ್ಲ. ಓಟ ನಿಮ್ಮ ಪುಸ್ತಕದ್ದು, ದರ ಉಸ್ತಾದ್‌ರದ್ದು, ಬೆಲೆ ಬಂಕಿನದ್ದು" ಎಂದೆ. ರಾತ್ರಿ ಎಂಟು ವರ್ಷ ಇದ್ದದ್ದು ಬೆಳಿಗ್ಗೆ ಐದಾದ ಕಥೆಯನ್ನೂ ಹೇಳಿದೆ.

ಚಾಚಾ ಪುಸ್ತಕ ತೆಗೆದುಕೊಂಡು ಒಬ್ಬರೇ ಕೂತು ನೋಡಿದರು. ಎರಡು ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು. ಅವರ ಆಸೆ ದುರಾಸೆಯಲ್ಲ. ಪ್ರತಿ ಆರ್ಡರಿಗೆ ಪೆಟ್ರೋಲ್ ಹಾಕಿಸುವಾಗ ಅವರ ಲಾಭ ಕಣ್ಣೆದುರೇ ಹೋಗುತ್ತಿತ್ತು. ವರ್ಷಕ್ಕೆ ಉಳಿಯುವುದು 4,800 × 3 = 14,400 ರೂಪಾಯಿ ಮಾತ್ರ, ಅದರಿಂದ ಚೀಟಿ ದುಡ್ಡು ಒಂದು ವರ್ಷದಲ್ಲಿ ತೀರಿಸಲು ಆಗದು ಎಂಬುದು ಅವರಿಗೂ ಗೊತ್ತಾಯಿತು. ಮೂರನೇ ದಿನ ತಾವೇ ಗಾಡಿ ತೆಗೆದುಕೊಂಡು ಹೋಗಿ ಬೋರ್‌ಗೆ ಬಿಟ್ಟರು. 32,000ದಲ್ಲಿ 20,000 ಅವರದು, 12,000 ಅಬ್ಬಾ ಕೊಟ್ಟರು. ಅಮ್ಮಿಯ ಚೀಟಿ ದುಡ್ಡು ಬ್ಯಾಂಕಿನಲ್ಲೇ ಇದೆ.

ಕೊನೆಯದಾಗಿ ಒಂದು ತಿದ್ದುಪಡಿ. ರಿಪೇರಿ ಆದ ಮೇಲೆ ಮೂರು ತಿಂಗಳು ಮೈಲೇಜ್ ಬರೆದಿಟ್ಟೆ. ಅಂದಾಜು 10, ಬಂದದ್ದು 9.4. ಅದರಂತೆ ಮತ್ತೆ ಲೆಕ್ಕ ಹಾಕಿದರೆ ಕಿ.ಮೀ.ಗೆ ಉಳಿತಾಯ 3.66 ಆಗುತ್ತದೆ, ಬ್ರೇಕ್ ಈವನ್ ಸುಮಾರು 19,950 ಕಿ.ಮೀ., ಅಂದರೆ ನಾಲ್ಕು ವರ್ಷ ಎರಡು ತಿಂಗಳು. ತೀರ್ಮಾನ ಬದಲಾಗಲಿಲ್ಲ, ಆದರೆ ನನ್ನ ಅಂಕಿ ಬದಲಾಯಿತು. ಅದನ್ನೂ ಚಾಚಾಗೆ ತೋರಿಸಿದೆ. ಅವರು ನಕ್ಕು, "ಈಗ ನನ್ನ ಆರ್ಡರ್ ಪುಸ್ತಕವೂ ನೀನೇ ಬರಿ" ಎಂದರು. ಪ್ರತಿ ಭಾನುವಾರ ಬರೆಯುತ್ತಿದ್ದೇನೆ.

ಅಭ್ಯಾಸಕ್ಕೆ

1. ವರ್ಷದ ಓಟ 12,000 ಕಿ.ಮೀ. ಆಗಿದ್ದರೆ 24,333 ಕಿ.ಮೀ. ತಲುಪಲು ಎಷ್ಟು ವರ್ಷ? ಆಗ ನೀವು ಚಾಚಾಗೆ ಏನು ಸಲಹೆ ಕೊಡುತ್ತೀರಿ?
2. ಪೆಟ್ರೋಲ್ 113 ರೂಪಾಯಿ ಆಗಿ ಡೀಸೆಲ್ 91ರಲ್ಲೇ ಉಳಿದರೆ, 10 ಕಿ.ಮೀ. ಮೈಲೇಜಿನಲ್ಲಿ ಬ್ರೇಕ್ ಈವನ್ ಎಷ್ಟು ಕಿ.ಮೀ.?
3. ಎಂಜಿನ್ ಬೋರ್ ಮಾಡಿಸಿದ 32,000 ಬಂಡವಾಳ ವೆಚ್ಚವೋ, ರಾಜಸ್ವ ವೆಚ್ಚವೋ? ಡೀಸೆಲ್ ಎಂಜಿನ್ನಿನ 1,20,000 ಯಾವುದು? ಕಾರಣ ಕೊಡಿ.
4. ಕಳೆದ ವರ್ಷ ಟೈರಿಗೆ ಹಾಕಿದ 16,000 ರೂಪಾಯಿಯನ್ನು ಈ ಲೆಕ್ಕದಲ್ಲಿ ಸೇರಿಸಬೇಕೆ? ಏಕೆ?

ಮೊದಲ ಎರಡರ ಉತ್ತರ: ಸುಮಾರು 2 ವರ್ಷ, 18,250 ಕಿ.ಮೀ. ಉಳಿದ ಎರಡನ್ನು ತರಗತಿಯಲ್ಲಿ ಚರ್ಚಿಸೋಣ.